ಒಂದೇ ಗುಚ್ಛಕ್ಕೆ ಮೂರು ಹೆಸರು, ಹೆಸರಿದ್ದೂ ಸಿಗದ ವಸ್ತು: ನೋಡಿದ್ದನ್ನು ಕ್ಯಾಟಲಾಗ್ ಮಾಡುವ ಬಗೆ

ಓದುಗರ ಪ್ರಶ್ನೆ: ತುಮಕೂರಿನ ಹೊರವಲಯದಿಂದ 8 ಇಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ನೋಡಿದ ಗೆಲಾಕ್ಸಿ, ತಾರಾಗುಚ್ಛ, ನೀಹಾರಿಕೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈಗ ಎಕ್ಸೆಲ್‌ಗೆ ಹಾಕಿ ಕ್ಯಾಟಲಾಗ್ ಮಾಡಲು ಹೊರಟರೆ ಎಲ್ಲವೂ ಗೊಂದಲ. ಒಂದೇ ವಸ್ತು ಬೇರೆ ಬೇರೆ ಹೆಸರಿನಲ್ಲಿ ಎರಡು ಮೂರು ಕಡೆ ಬಂದಿದೆ. ಆ್ಯಪ್‌ನಿಂದ ಬರೆದುಕೊಂಡ ಸ್ಥಾನಕ್ಕೂ ಅಂತರಜಾಲದ ಪಟ್ಟಿಯ ಸ್ಥಾನಕ್ಕೂ ಹೆಚ್ಚುಕಡಿಮೆ ಮೂರನೇ ಒಂದು ಡಿಗ್ರಿ ವ್ಯತ್ಯಾಸ ಬರುತ್ತಿದೆ. ಹಳೆಯ ಪಟ್ಟಿಯೊಂದರಲ್ಲಿದ್ದ ಎನ್‌ಜಿಸಿ 2478 ಹುಡುಕಿದರೆ ಆ ಜಾಗದಲ್ಲಿ ಏನೂ ಇಲ್ಲ. ಸರಿಯಾದ ವಿಧಾನ ಯಾವುದು?

ಉತ್ತರ: ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ. ನೀವು ಹೆಸರನ್ನೇ ವಸ್ತು ಎಂದು ಹಿಡಿದು ಪಟ್ಟಿ ಮಾಡುತ್ತಿದ್ದೀರಿ. ಆಕಾಶದ ವಸ್ತುವಿಗೆ ನಿಜವಾದ ಗುರುತು ಅದು ಇರುವ ಜಾಗ ಮತ್ತು ಅದು ಕಾಣುವ ರೂಪ. ಹೆಸರು ಆಮೇಲೆ ಬಂದದ್ದು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಇಟ್ಟದ್ದು, ಕೆಲವೊಮ್ಮೆ ತಪ್ಪಾಗಿ ಇಟ್ಟದ್ದು. ವೃಷಭ ರಾಶಿಯ ಏಡಿ ನೀಹಾರಿಕೆಯನ್ನೇ ತೆಗೆದುಕೊಳ್ಳಿ. ಹದಿನೆಂಟನೇ ಶತಮಾನದ ಮೆಸ್ಸಿಯೆಯ ಪಟ್ಟಿಯಲ್ಲಿ ಅದು ಎಂ 1, ಡ್ರೇಯರ್ 1888ರಲ್ಲಿ ತಂದ ನ್ಯೂ ಜನರಲ್ ಕ್ಯಾಟಲಾಗ್ ಎಂಬ ಪಟ್ಟಿಯಲ್ಲಿ ಎನ್‌ಜಿಸಿ 1952, ಶಾರ್ಪ್‌ಲೆಸ್ ಪಟ್ಟಿಯಲ್ಲಿ ಎಸ್‌ಎಚ್2-244, ರೇಡಿಯೊ ಖಗೋಳದವರಿಗೆ 3ಸಿ 144. ಕೃತ್ತಿಕೆಗೆ ಎಂ 45 ಮತ್ತು ಮೆಲಾಟ್ 22 ಎಂಬ ಸಂಖ್ಯೆಗಳಿವೆ, ಇಡೀ ಗುಚ್ಛಕ್ಕೆ ಎನ್‌ಜಿಸಿ ಸಂಖ್ಯೆಯೇ ಇಲ್ಲ. ಅದರೊಳಗಿನ ಕೆಲವು ನಕ್ಷತ್ರಗಳ ಸುತ್ತಲಿನ ಮಬ್ಬಿಗೆ ಮಾತ್ರ ಎನ್‌ಜಿಸಿ 1432, ಎನ್‌ಜಿಸಿ 1435 ಎಂಬ ಸಂಖ್ಯೆಗಳಿವೆ. ಹೆಸರಿನ ಕಾಲಂ ಒಂದೇ ಇಟ್ಟುಕೊಂಡವರು ಇಂಥಲ್ಲಿ ದಾರಿ ತಪ್ಪಲೇಬೇಕು.

ಆದ್ದರಿಂದ ಎಕ್ಸೆಲ್‌ನಲ್ಲಿ ಒಂದು ಹಾಳೆ ಸಾಲದು, ಮೂರು ಹಾಳೆ ಮಾಡಿ: ನೋಟದ್ದು, ವಸ್ತುವಿನದ್ದು, ಹೆಸರಿನದ್ದು.

ನೋಟದ ಹಾಳೆಯಲ್ಲಿ ಒಂದು ರಾತ್ರಿ ಒಂದು ವಸ್ತುವನ್ನು ನೋಡಿದ್ದಕ್ಕೆ ಒಂದು ಸಾಲು. ದಿನಾಂಕ, ಸಮಯ, ಊರು, ದೂರದರ್ಶಕ, ಐಪೀಸ್ (ಕಣ್ಣಿಡುವ ಮಸೂರ), ಬರಿಗಣ್ಣಿಗೆ ಕಂಡ ಅತಿ ಮಸುಕಾದ ನಕ್ಷತ್ರದ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು), ವಸ್ತು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿತ್ತು, ಹತ್ತಿರದ ಯಾವ ನಕ್ಷತ್ರದಿಂದ ಯಾವ ದಿಕ್ಕಿಗೆ ಎಷ್ಟು ದೂರ, ಕಂಡ ರೂಪದ ವಿವರಣೆ. ನೋಟ್‌ಬುಕ್ಕಿನಲ್ಲಿ ಇದ್ದುದನ್ನು ಇದ್ದ ಹಾಗೆಯೇ ಇಲ್ಲಿಗೆ ಇಳಿಸಿ. ಮುಂದೆ ಗುರುತು ತಪ್ಪೆಂದು ತಿಳಿದರೂ ಈ ಹಾಳೆಯನ್ನು ತಿದ್ದಬೇಡಿ. ತಿದ್ದುಪಡಿ ಬೇರೆ ಹಾಳೆಗಳಲ್ಲಿ ಆಗಬೇಕು. ಸಮಯವನ್ನು ಯೂನಿವರ್ಸಲ್ ಟೈಮ್‌ನಲ್ಲಿ ಬರೆಯುವುದು ನಮಗೆ ಒಳ್ಳೆಯದು. ಭಾರತದ ಸಮಯದಿಂದ 5 ಗಂಟೆ 30 ನಿಮಿಷ ಕಳೆದರೆ ಅದು ಸಿಗುತ್ತದೆ, ಮತ್ತು ಸಂಜೆಯಿಂದ ಬೆಳಗಿನ ಐದೂವರೆವರೆಗಿನ ನಮ್ಮ ಇಡೀ ರಾತ್ರಿ ಒಂದೇ ದಿನಾಂಕದೊಳಗೆ ಬೀಳುತ್ತದೆ. ನಡುರಾತ್ರಿ ದಾಟಿದ ಮೇಲೆ ಯಾವ ತಾರೀಖು ಹಾಕಬೇಕು ಎಂಬ ತಲೆನೋವು ತಪ್ಪುತ್ತದೆ.

ವಸ್ತುವಿನ ಹಾಳೆಯಲ್ಲಿ ಒಂದು ವಸ್ತುವಿಗೆ ಒಂದೇ ಸಾಲು. ಮೊದಲ ಕಾಲಂನಲ್ಲಿ ನೀವೇ ಕೊಡುವ ಕ್ರಮಸಂಖ್ಯೆ: 0001, 0002 ಹೀಗೆ. ಆ ಸಂಖ್ಯೆಗೆ ಯಾವ ಅರ್ಥವೂ ಇರಬಾರದು. ರಾಶಿಯನ್ನೋ ಬಗೆಯನ್ನೋ ಅದರೊಳಗೆ ತುರುಕಬೇಡಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಂದು ವಸ್ತುವಿಗೆ ಕೊಡಬಾರದು. 0045 ಮತ್ತು 0112 ಒಂದೇ ವಸ್ತು ಎಂದು ಮುಂದೆ ತಿಳಿದರೆ 0112ರ ಸಾಲನ್ನು ಅಳಿಸದೆ ‘0045ರಲ್ಲಿ ವಿಲೀನ’ ಎಂದು ಬರೆಯಿರಿ. ನಂತರ ಸ್ಥಾನ, ಬಗೆ, ಮ್ಯಾಗ್ನಿಟ್ಯೂಡ್, ಗಾತ್ರ, ಪ್ರತಿ ಅಂಕಿಯ ಪಕ್ಕದಲ್ಲಿ ಅದು ಬಂದ ಮೂಲ.

ಹೆಸರಿನ ಹಾಳೆಯಲ್ಲಿ ನಾಲ್ಕು ಕಾಲಂ: ನಿಮ್ಮ ಕ್ರಮಸಂಖ್ಯೆ, ಕ್ಯಾಟಲಾಗ್, ಅದರೊಳಗಿನ ಸಂಖ್ಯೆ, ಸಂಬಂಧ. ಈ ಕೊನೆಯ ಕಾಲಂ ಬಹಳ ಮುಖ್ಯ. ಹೆಸರು ಇಡೀ ವಸ್ತುವಿಗೆ ಸೇರಿದ್ದೋ, ಅದರ ಒಂದು ಭಾಗಕ್ಕೋ, ಸಂಶಯವಿದೆಯೋ, ತಪ್ಪಾಗಿ ಅಂಟಿಕೊಂಡಿದೆಯೋ ಎಂದು ಇಲ್ಲಿ ಬರೆಯಬೇಕು. ಜಮೀನಿನ ಸರ್ವೆ ನಂಬರಿನೊಳಗೆ ಹಿಸ್ಸಾ ನಂಬರು ಇರುವಂತೆಯೇ ಆಕಾಶದಲ್ಲೂ ಒಂದರೊಳಗೊಂದು ಇರುತ್ತದೆ. ಧನು ರಾಶಿಯ ಎಂ 24 ಒಂದೂವರೆ ಡಿಗ್ರಿ ಉದ್ದದ ನಕ್ಷತ್ರಗಳ ದಟ್ಟಣೆ. ಅದರೊಳಗಿರುವ ಪುಟ್ಟ ಗುಚ್ಛ ಎನ್‌ಜಿಸಿ 6603. ಎರಡೂ ಒಂದೇ ಎಂದು ಬರೆದಿರುವ ಪಟ್ಟಿಗಳು ಇಂದಿಗೂ ಓಡಾಡುತ್ತಿವೆ. ಎಂ 8ರಲ್ಲಿ ಮಬ್ಬು ಎನ್‌ಜಿಸಿ 6523, ಅದರೊಳಗಿನ ಗುಚ್ಛ ಎನ್‌ಜಿಸಿ 6530. ಎಂ 33 ಗೆಲಾಕ್ಸಿಯೊಳಗಿನ ಅನಿಲಮೋಡಕ್ಕೆ ಎನ್‌ಜಿಸಿ 604 ಎಂಬ ಸ್ವಂತ ಸಂಖ್ಯೆಯಿದೆ, ಆಂಡ್ರೊಮಿಡಾ ಗೆಲಾಕ್ಸಿಯೊಳಗಿನ ನಕ್ಷತ್ರದಟ್ಟಣೆಗೆ ಎನ್‌ಜಿಸಿ 206. ಕುದುರೆತಲೆ ನೀಹಾರಿಕೆಯ ಕಪ್ಪು ಆಕಾರ ಬರ್ನಾರ್ಡ್ 33. ಅದರ ಹಿಂದೆ ಹೊಳೆಯುವ ಬೆಳಕಿನ ಪಟ್ಟೆ ಐಸಿ 434 (ಐಸಿ ಎಂದರೆ ಎನ್‌ಜಿಸಿಯ ಪುರವಣಿ). ಕಪ್ಪು ಆಕಾರ ಕಾಣದೆ ಹಿಂದಿನ ಬೆಳಕು ಮಾತ್ರ ಕಂಡಿದ್ದರೆ ನೀವು ನೋಡಿದ್ದು ಐಸಿ 434, ಕುದುರೆತಲೆ ಅಲ್ಲ.

ಹೀಗೆ ರಾತ್ರಿಯ ದಾಖಲೆ ಬೇರೆ, ಕ್ಯಾಟಲಾಗ್ ಬೇರೆ ಎಂದು ಇಡುವುದು ಹೊಸ ವಿಚಾರವಲ್ಲ. 1783ರಿಂದ 1802ರವರೆಗೆ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ 20 ಅಡಿ ದೂರದರ್ಶಕದಿಂದ ಕಂಡದ್ದನ್ನು ಕೂಗಿ ಹೇಳುತ್ತಿದ್ದರು. ತಂಗಿ ಕ್ಯಾರೊಲಿನ್ ಗಡಿಯಾರ ನೋಡಿ ಸಮಯದ ಸಮೇತ ಬರೆದುಕೊಳ್ಳುತ್ತಿದ್ದರು. ಶುದ್ಧ ಪ್ರತಿ ಬೇರೆ, ಪ್ರಕಟವಾದ ಪಟ್ಟಿ ಬೇರೆ. ಆ ಶ್ರಮದಿಂದ 1786, 1789, 1802ರಲ್ಲಿ ಮೂರು ಕಂತಾಗಿ 2,500 ವಸ್ತುಗಳ ಪಟ್ಟಿ ಬಂತು. ಅಣ್ಣ ತೀರಿಕೊಂಡ ಮೇಲೆ ಕ್ಯಾರೊಲಿನ್ ಅವೆಲ್ಲವನ್ನೂ ಉತ್ತರ ಧ್ರುವದಿಂದಿರುವ ದೂರದ ಪ್ರಕಾರ ಪಟ್ಟೆಪಟ್ಟೆಯಾಗಿ ಮತ್ತೆ ಜೋಡಿಸಿದರು. ಅದಕ್ಕಾಗಿ 1828ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕ ಅವರಿಗೆ ಸಂದಿತು. ಆ ಜೋಡಣೆ ಇದ್ದುದರಿಂದಲೇ ಅಣ್ಣನ ಮಗ ಜಾನ್ ಹರ್ಷೆಲ್ ಪ್ರತಿಯೊಂದನ್ನೂ ಮತ್ತೆ ಹುಡುಕಿ ನೋಡಲು ಸಾಧ್ಯವಾಯಿತು. ಕ್ಯಾಟಲಾಗ್ ಕೆಲಸದಲ್ಲಿ ಕ್ಯಾರೊಲಿನ್ ಹೆಸರನ್ನು ಎಲ್ಲರಿಗಿಂತ ಮೊದಲು ಹೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾನ್ 1864ರಲ್ಲಿ 5,079 ವಸ್ತುಗಳ ಜನರಲ್ ಕ್ಯಾಟಲಾಗ್ ತಂದರು. ಅದನ್ನು ಬೆಳೆಸಿ ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ಡ್ರೇಯರ್ 1888ರಲ್ಲಿ 7,840 ವಸ್ತುಗಳ ನ್ಯೂ ಜನರಲ್ ಕ್ಯಾಟಲಾಗ್, ಅಂದರೆ ಎನ್‌ಜಿಸಿ ಪ್ರಕಟಿಸಿದರು. 1895 ಮತ್ತು 1908ರ ಎರಡು ಪುರವಣಿಗಳಲ್ಲಿ 5,386 ಐಸಿ ವಸ್ತುಗಳು ಬಂದವು.

ಇನ್ನು ಸ್ಥಾನದ ವಿಚಾರ. ನಿಮ್ಮ ಮೂರನೇ ಒಂದು ಡಿಗ್ರಿ ವ್ಯತ್ಯಾಸಕ್ಕೆ ಕಾರಣ ಅಯನ ಚಲನೆ. ಪಂಚಾಂಗದ ಅಯನಾಂಶಕ್ಕೆ ಕಾರಣವಾದದ್ದೂ ಇದೇ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಆಕಾಶದ ಅಳತೆಗೆರೆಗಳೇ ವರ್ಷಕ್ಕೆ ಸುಮಾರು 50.3 ಸೆಕೆಂಡ್ ಕೋನದಷ್ಟು ಸರಿಯುತ್ತವೆ. 25 ವರ್ಷಕ್ಕೆ ಅದು ಸುಮಾರು 21 ನಿಮಿಷ ಕೋನ, ಅಂದರೆ ಡಿಗ್ರಿಯ ಮೂರನೇ ಒಂದು ಭಾಗ. ಅಂತರಜಾಲದ ಪಟ್ಟಿಗಳು 2000ನೇ ವರ್ಷದ ಗೆರೆಗಳಿಗೆ ಸ್ಥಾನ ಕೊಡುತ್ತವೆ. ಇದನ್ನು ಜೆ2000 ಎನ್ನುತ್ತೇವೆ. ಸ್ಟೆಲ್ಲೇರಿಯಂನಂಥ ಆ್ಯಪ್ ಎರಡು ಸ್ಥಾನಗಳನ್ನು ಮೇಲೆ ಕೆಳಗೆ ತೋರಿಸುತ್ತದೆ, ಒಂದು ಜೆ2000, ಇನ್ನೊಂದು ನೋಡುತ್ತಿರುವ ದಿನದ್ದು. ನೀವು ಬರೆದುಕೊಂಡಿರುವುದು ಎರಡನೆಯದು. ಇಡೀ ಕ್ಯಾಟಲಾಗಿಗೆ ಜೆ2000 ಒಂದನ್ನೇ ಹಿಡಿಯಿರಿ, ಹಾಳೆಯ ತಲೆಬರಹದಲ್ಲೇ ಅದನ್ನು ಬರೆಯಿರಿ. 1950ರ ಪಟ್ಟಿಗಳು ಸಿಕ್ಕರೆ ಜೆ2000ಕ್ಕೂ ಅವುಗಳಿಗೂ 0.7 ಡಿಗ್ರಿವರೆಗೆ ಅಂತರ ಬರುತ್ತದೆ. ಡ್ರೇಯರ್ ಬಳಸಿದ್ದು 1860ರ ಗೆರೆಗಳನ್ನು; ಅಲ್ಲಿಂದ 2000ಕ್ಕೆ ಹತ್ತಿರ ಹತ್ತಿರ 2 ಡಿಗ್ರಿ. ಅವರು ಡೆಕ್ಲಿನೇಷನ್ (ಖಗೋಳದ ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ) ಬದಲು ಉತ್ತರ ಧ್ರುವದಿಂದಿರುವ ದೂರವನ್ನು ಕೊಟ್ಟಿದ್ದಾರೆ. 90ರಿಂದ ಅದನ್ನು ಕಳೆದರೆ ಡೆಕ್ಲಿನೇಷನ್. ಎನ್‌ಜಿಸಿ ಸಂಖ್ಯೆಗಳು 1860ರ ರೈಟ್ ಅಸೆನ್ಷನ್ (ಗಂಟೆ ನಿಮಿಷಗಳಲ್ಲಿ ಹೇಳುವ ಪೂರ್ವ ಪಶ್ಚಿಮ ಸ್ಥಾನ) ಕ್ರಮದಲ್ಲಿರುವುದರಿಂದ ಇಂದಿನ ಸ್ಥಾನದ ಪ್ರಕಾರ ಜೋಡಿಸಿದರೆ ಅಲ್ಲಲ್ಲಿ ಸಂಖ್ಯೆಗಳು ಹಿಂದುಮುಂದಾಗುತ್ತವೆ. ಅದು ನಿಮ್ಮ ತಪ್ಪಲ್ಲ.

ಎಕ್ಸೆಲ್ ಮಾಡುವ ಅನಾಹುತಗಳನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಅವು ಕಣ್ಣಿಗೆ ಬೀಳುವುದಿಲ್ಲ. ರೈಟ್ ಅಸೆನ್ಷನ್ 05:35 ಎಂದು ಹಾಕಿದರೆ ಎಕ್ಸೆಲ್ ಅದನ್ನು ಬೆಳಗಿನ ಸಮಯವೆಂದು ತಿಳಿದು ಒಳಗೆ ದಿನದ ಭಿನ್ನರಾಶಿ ಮಾಡಿಕೊಳ್ಳುತ್ತದೆ. ಡೆಕ್ಲಿನೇಷನ್‌ಗೆ ಮೊದಲು ಪ್ಲಸ್ ಚಿಹ್ನೆ ಹಾಕಿದರೆ ಸೂತ್ರವೆಂದು ತಿಳಿಯುತ್ತದೆ. ಹೀಗಾಗಿ ಗಂಟೆ, ನಿಮಿಷ, ಸೆಕೆಂಡ್‌ಗಳನ್ನು ಮೂರು ಕಾಲಂಗಳಲ್ಲಿ, ಡೆಕ್ಲಿನೇಷನ್ನಿನ ಚಿಹ್ನೆ, ಡಿಗ್ರಿ, ನಿಮಿಷ, ಸೆಕೆಂಡ್‌ಗಳನ್ನು ನಾಲ್ಕು ಕಾಲಂಗಳಲ್ಲಿ ಇಡಿ. ಚಿಹ್ನೆಯ ಕಾಲಂನಲ್ಲಿ 1 ಅಥವಾ -1 ಮಾತ್ರ ಇರಲಿ. ದಶಮಾಂಶ ಡಿಗ್ರಿ ಬೇಕೆಂದಾಗ ಡಿಗ್ರಿಗೆ ನಿಮಿಷದ 60ನೇ ಒಂದು ಭಾಗ, ಸೆಕೆಂಡಿನ 3600ನೇ ಒಂದು ಭಾಗ ಕೂಡಿಸಿ, ಕೊನೆಯಲ್ಲಿ ಇಡೀ ಮೊತ್ತವನ್ನು ಚಿಹ್ನೆಯಿಂದ ಗುಣಿಸಬೇಕು. ಎಂ 42ರ ಡೆಕ್ಲಿನೇಷನ್ -5 ಡಿಗ್ರಿ 23 ನಿಮಿಷ. ಸರಿಯಾಗಿ ಲೆಕ್ಕ ಹಾಕಿದರೆ -5.383. ಮೈನಸ್ 5ಕ್ಕೆ 23 ನಿಮಿಷವನ್ನು ಕೂಡಿಸಿಬಿಟ್ಟರೆ -4.617 ಬರುತ್ತದೆ, ವಸ್ತು 46 ನಿಮಿಷ ಕೋನ ಉತ್ತರಕ್ಕೆ ಜಿಗಿಯುತ್ತದೆ.

ಇನ್ನೂ ಕಷ್ಟದ್ದು ಸೊನ್ನೆ ಡಿಗ್ರಿಯ ಮೈನಸ್. ತಿಮಿಂಗಿಲ ರಾಶಿಯ ಎಂ 77 ಇರುವುದು -0 ಡಿಗ್ರಿ 0 ನಿಮಿಷ 48 ಸೆಕೆಂಡಿನಲ್ಲಿ, ಎಂ 2 ಇರುವುದು -0 ಡಿಗ್ರಿ 49 ನಿಮಿಷದಲ್ಲಿ. ಡಿಗ್ರಿಯ ಕಾಲಂನಲ್ಲಿ -0 ಎಂದು ಹೊಡೆದರೆ ಎಕ್ಸೆಲ್ ಅದನ್ನು ಬರಿಯ 0 ಮಾಡುತ್ತದೆ. ಎಂ 77ಕ್ಕೆ ಇದರಿಂದ ಒಂದೂವರೆ ನಿಮಿಷ ಕೋನದಷ್ಟೇ ತಪ್ಪು, ಎಂ 2ಕ್ಕೆ ಒಂದು ಡಿಗ್ರಿ 39 ನಿಮಿಷ. ಚಿಹ್ನೆಗೆ ಪ್ರತ್ಯೇಕ ಕಾಲಂ ಬೇಕೆಂದದ್ದು ಇದಕ್ಕೇ. ಎಕ್ಸೆಲ್‌ಗೆ ಹಾಕಿದ ಮೇಲೆ ಈ ಎರಡು ವಸ್ತುಗಳ ದಶಮಾಂಶ ಸ್ಥಾನ ಮೈನಸ್ ಆಗಿ ಬಂದಿದೆಯೇ ನೋಡಿ. ಸೂತ್ರ ಸರಿಯಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಿಮಿಷ ಎಂಬುದು ಎರಡು ಬಗೆಯದು ಎನ್ನುವುದನ್ನೂ ಮರೆಯಬೇಡಿ. ರೈಟ್ ಅಸೆನ್ಷನ್ನಿನ ನಿಮಿಷ ಕಾಲದ್ದು, ಅದು 15 ನಿಮಿಷ ಕೋನಕ್ಕೆ ಸಮ, ಅದೂ ಖಗೋಳದ ವಿಷುವದ್ವೃತ್ತದ ಮೇಲೆ ಮಾತ್ರ. ಧ್ರುವದ ಕಡೆ ಹೋದಂತೆ ಡೆಕ್ಲಿನೇಷನ್ನಿನ ಕೊಸೈನ್‌ನಿಂದ ಗುಣಿಸಿ ಕಡಿಮೆ ಮಾಡಿಕೊಳ್ಳಬೇಕು. +69 ಡಿಗ್ರಿಯ ಎಂ 81ರ ಬಳಿ ಅದು 5.4 ನಿಮಿಷ ಕೋನಕ್ಕೆ ಇಳಿದಿರುತ್ತದೆ. ಎರಡು ಸಾಲುಗಳು ಒಂದೇ ವಸ್ತುವೋ ಎಂದು ದೂರ ಅಳೆಯುವಾಗ ಈ ಗುಣಾಕಾರ ಬಿಟ್ಟವರು ಉತ್ತರದ ವಸ್ತುಗಳನ್ನು ಸುಮ್ಮಸುಮ್ಮನೆ ಬೇರೆ ಮಾಡಿಬಿಡುತ್ತಾರೆ.

ಹೆಸರಿನ ಸಂಖ್ಯೆಗೂ ಎಚ್ಚರ ಬೇಕು. ‘ಎನ್‌ಜಿಸಿ 891’ ಎಂದು ಒಟ್ಟಿಗೆ ಬರೆದು ಅಕ್ಷರಕ್ರಮದಲ್ಲಿ ಜೋಡಿಸಿದರೆ ಅದು 7331ರ ನಂತರ ಬರುತ್ತದೆ. ಕ್ಯಾಟಲಾಗ್ ಒಂದು ಕಾಲಂ, ಸಂಖ್ಯೆ ನಾಲ್ಕು ಅಂಕಿಯಲ್ಲಿ, 0891 ಎಂದು ಪಠ್ಯರೂಪದಲ್ಲಿ ಇನ್ನೊಂದು ಕಾಲಂ. ಬಾಲದ ಅಕ್ಷರವಿದ್ದರೆ ಅದಕ್ಕೂ ಜಾಗ ಕೊಡಿ: ಸ್ಟೀಫನ್ ಪಂಚಕದ ಎನ್‌ಜಿಸಿ 7318ಎ ಮತ್ತು 7318ಬಿ ಎರಡು ಬೇರೆ ಗೆಲಾಕ್ಸಿಗಳು. ಏಬಲ್ ಎಂಬ ಹೆಸರಂತೂ ದೊಡ್ಡ ಬಲೆ. ಜಾರ್ಜ್ ಏಬಲ್ 1958ರಲ್ಲಿ 2,712 ಗೆಲಾಕ್ಸಿ ಸಮೂಹಗಳ ಪಟ್ಟಿ ಮಾಡಿದರು, 1966ರಲ್ಲಿ 86 ಗ್ರಹರೂಪಿ ನೀಹಾರಿಕೆಗಳ ಪಟ್ಟಿಯನ್ನೂ ಮಾಡಿದರು. ಬರೀ ಏಬಲ್ 39 ಎಂದರೆ ಯಾವುದು? ಗೆಲಾಕ್ಸಿ ಸಮೂಹಕ್ಕೆ ಎಸಿಒ, ನೀಹಾರಿಕೆಗೆ ಪಿಎನ್ ಎ66 ಎಂಬ ಮುಂಪದ ಹಾಕಿದರೆ ಸಂಶಯ ಉಳಿಯುವುದಿಲ್ಲ.

ಈಗ ಎನ್‌ಜಿಸಿ 2478. ಅದು ಇಲ್ಲದ ವಸ್ತುವಲ್ಲ, ಜಾಗ ತಪ್ಪಿದ ಎಂ 47. ಪ್ಯಾರಿಸ್‌ನಲ್ಲಿ ಧೂಮಕೇತುಗಳನ್ನು ಹುಡುಕುತ್ತಿದ್ದ ಶಾರ್ಲ್ ಮೆಸ್ಸಿಯೆ, ಧೂಮಕೇತುವೆಂದು ಭ್ರಮೆ ಹುಟ್ಟಿಸುವ ಮಬ್ಬುಗಳನ್ನು ಪಟ್ಟಿ ಮಾಡಿದವರು. 1781ರ ಹೊತ್ತಿಗೆ ಆ ಪಟ್ಟಿ 103ಕ್ಕೆ ಬಂದಿತ್ತು. ಅವರು ಹೊಸ ವಸ್ತುವಿನ ಸ್ಥಾನವನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಗೊತ್ತಿರುವ ನಕ್ಷತ್ರಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಅಳೆದು ಕೂಡಿಸಿ ಕಳೆಯುತ್ತಿದ್ದರು. ಎಂ 47ಕ್ಕೆ ಪಪ್ಪಿಸ್ ರಾಶಿಯ ಒಂದು ನಕ್ಷತ್ರದಿಂದ ಅಳೆದ ಅಂತರದ ಚಿಹ್ನೆ ತಿರುಗಿಹೋಯಿತು. ಗುಚ್ಛ ಇದ್ದದ್ದು ಆ ನಕ್ಷತ್ರದ ಪಶ್ಚಿಮಕ್ಕೆ ಸುಮಾರು 9 ಕಾಲನಿಮಿಷ. ಬರೆದದ್ದು ಪೂರ್ವಕ್ಕೆ ಅಷ್ಟೇ ದೂರ. ನಿಜವಾದ ಜಾಗಕ್ಕೂ ಪಟ್ಟಿಯ ಜಾಗಕ್ಕೂ 4 ಡಿಗ್ರಿಗಿಂತ ಹೆಚ್ಚು ಅಂತರ ಬಿತ್ತು. ಹರ್ಷೆಲ್ ಅದೇ ಗುಚ್ಛವನ್ನು ಸರಿಯಾದ ಜಾಗದಲ್ಲಿ ಸ್ವತಂತ್ರವಾಗಿ ಕಂಡರು, ಅದು ಎನ್‌ಜಿಸಿ 2422 ಆಯಿತು. ಮೆಸ್ಸಿಯೆ ಬರೆದ ಬರಿದಾದ ಜಾಗಕ್ಕೂ ಡ್ರೇಯರ್ ಸಂಖ್ಯೆ ಕೊಟ್ಟರು, ಅದೇ ನಿಮ್ಮ 2478. 1934ರಲ್ಲಿ ಓಸ್ವಾಲ್ಡ್ ಥಾಮಸ್ ಎಂ 47 ಅಂದರೆ 2422 ಎಂದು ಗುರುತಿಸಿದರು. ತಪ್ಪು ಹೇಗಾಯಿತೆಂದು 1959ರಲ್ಲಿ ಟಿ.ಎಫ್. ಮಾರಿಸ್ ಬಿಡಿಸಿ ತೋರಿಸಿದರು.

ಎಂ 91ರ ಕಥೆಯೂ ಇಂಥದ್ದೇ. ಮೆಸ್ಸಿಯೆ ಅದನ್ನು ಎಂ 89ರಿಂದ ಅಳೆದು, ಲೆಕ್ಕ ಮಾಡುವಾಗ ಎಂ 58ರಿಂದ ಅಳೆದಂತೆ ಕೂಡಿಸಿದರು. 1969ರಲ್ಲಿ ಡಬ್ಲ್ಯು.ಸಿ. ವಿಲಿಯಮ್ಸ್ ಎಂಬ ಹವ್ಯಾಸಿ ಖಗೋಳವೀಕ್ಷಕರು ಅದೇ ಅಂತರಗಳನ್ನು ಎಂ 89ರಿಂದ ಕೂಡಿಸಿ ನೋಡಿದಾಗ ಎನ್‌ಜಿಸಿ 4548 ಎಂಬ ಗೆಲಾಕ್ಸಿಯೇ ಸಿಕ್ಕಿತು. ಅಂತರದ ದಾಖಲೆ ಉಳಿದಿತ್ತು, ಆದ್ದರಿಂದ 188 ವರ್ಷಗಳ ನಂತರವೂ ತಪ್ಪು ತಿದ್ದಲು ಬಂತು. ನೋಟದ ಹಾಳೆಯಲ್ಲಿ ‘ಯಾವ ನಕ್ಷತ್ರದಿಂದ ಯಾವ ಕಡೆಗೆ ಎಷ್ಟು’ ಎಂಬ ಕಾಲಂ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇದಕ್ಕೆ ವಿರುದ್ಧವಾದ ಉದಾಹರಣೆ 1973ರ ಪರಿಷ್ಕೃತ ಎನ್‌ಜಿಸಿ. ಪಟ್ಟಿಯ ಜಾಗದ ಛಾಯಾಚಿತ್ರ ನೋಡಿ, ಅಲ್ಲಿ ಏನೂ ಕಾಣದಿದ್ದರೆ ‘ಅಸ್ತಿತ್ವದಲ್ಲಿಲ್ಲ’ ಎಂದು ಅದು ಎಷ್ಟೋ ವಸ್ತುಗಳನ್ನು ತಳ್ಳಿಹಾಕಿತು. ಆಮೇಲೆ ಅಮೆರಿಕದ ಹೆರಾಲ್ಡ್ ಕಾರ್ವಿನ್, ಜರ್ಮನಿಯ ವೋಲ್ಫ್‌ಗಾಂಗ್ ಸ್ಟೈನಿಕೆ ಮೊದಲಾದವರು ಮೂಲ ವೀಕ್ಷಣೆಗಳಿಗೆ ಹಿಂತಿರುಗಿ ಹುಡುಕಿದಾಗ ಅವುಗಳಲ್ಲಿ ಹಲವು ಪಕ್ಕದಲ್ಲೇ ಸಿಕ್ಕವು.

ಅಂತರ ಅಳೆಯಲು ನಿಮ್ಮ ದೂರದರ್ಶಕ ಚೆನ್ನಾಗಿ ಒದಗುತ್ತದೆ. ಡಾಬ್ಸೋನಿಯನ್ ನಕ್ಷತ್ರಗಳನ್ನು ಹಿಂಬಾಲಿಸುವುದಿಲ್ಲ, ಆದ್ದರಿಂದ ಆಕಾಶ ತಾನಾಗಿ ಅದರ ಮುಂದೆ ಸರಿಯುತ್ತದೆ. ಮೊದಲು ಐಪೀಸಿನ ಫೀಲ್ಡ್, ಅಂದರೆ ಅದರಲ್ಲಿ ಕಾಣುವ ಆಕಾಶದ ವೃತ್ತ, ಎಷ್ಟಗಲ ಎಂದು ತಿಳಿಯಿರಿ. 1200 ಮಿ.ಮೀ. ಫೋಕಲ್ ಲೆಂತ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು. 50 ಡಿಗ್ರಿಯ ಪ್ಲಾಸಲ್ ಬಗೆಯ ಐಪೀಸ್ ಆದರೆ ಫೀಲ್ಡ್ ಸುಮಾರು 62 ನಿಮಿಷ ಕೋನ. ಇದನ್ನು ಪರೀಕ್ಷಿಸಲು ಮಹಾವ್ಯಾಧನ ನಡುಪಟ್ಟಿಯ ಒಂದು ನಕ್ಷತ್ರವನ್ನು ಅಂಚಿನಲ್ಲಿ ನಿಲ್ಲಿಸಿ, ಅದು ನಟ್ಟನಡುವೆ ಹಾದು ಆಚೆ ಅಂಚಿಗೆ ಹೋಗಲು ಹಿಡಿಯುವ ಕಾಲ ಅಳೆಯಿರಿ. ನಿಮಿಷಗಳನ್ನು 15ರಿಂದ ಗುಣಿಸಿದರೆ ಕೋನದ ನಿಮಿಷ ಸಿಗುತ್ತದೆ; ಇಲ್ಲಿ 4 ನಿಮಿಷ 10 ಸೆಕೆಂಡ್ ಆಸುಪಾಸು ಬರಬೇಕು. ವಸ್ತುಗಳು ಮರೆಯಾಗುವ ಅಂಚೇ ಪಶ್ಚಿಮ. ಕೊಳವೆಯನ್ನು ಧ್ರುವನಕ್ಷತ್ರದ ಕಡೆಗೆ ಸ್ವಲ್ಪ ತಳ್ಳಿದಾಗ ಹೊಸ ನಕ್ಷತ್ರಗಳು ಬರುವ ಅಂಚು ಉತ್ತರ. ಚಿತ್ರ ಬಿಡಿಸುವ ಮೊದಲು ಈ ಎರಡು ದಿಕ್ಕು ಗುರುತು ಹಾಕಿ.

ಗೊತ್ತಿರುವ ನಕ್ಷತ್ರ ಫೀಲ್ಡಿನ ಮಧ್ಯ ದಾಟಿದ ಕ್ಷಣದಲ್ಲಿ ಸ್ಟಾಪ್‌ವಾಚ್ ಒತ್ತಿ, ಕೊಳವೆಯನ್ನು ಮುಟ್ಟದೆ ಕಾದು, ನಿಮ್ಮ ವಸ್ತು ಮಧ್ಯಕ್ಕೆ ಬಂದಾಗ ನಿಲ್ಲಿಸಿ. ಬಂದ ಕಾಲವೇ ರೈಟ್ ಅಸೆನ್ಷನ್ ವ್ಯತ್ಯಾಸ. ವಸ್ತು ನಂತರ ಬಂದರೆ ಅದು ಪೂರ್ವಕ್ಕಿದೆ, ಕೂಡಿಸಬೇಕು. ಮೊದಲೇ ಬಂದಿದ್ದರೆ ಕಳೆಯಬೇಕು. ಉತ್ತರ ದಕ್ಷಿಣದ ಅಂತರವನ್ನು ಫೀಲ್ಡಿನ ಕಾಲು, ಅರ್ಧ ಎಂದು ಅಂದಾಜಿಸಿದರೆ ಸಾಕು. ಎಂ 47ರಲ್ಲಿ ತಿರುಗಿಹೋದದ್ದು ಈ ಕೂಡು ಕಳೆಯೇ, ಹಾಗಾಗಿ ಅಂಕಿಯ ಜೊತೆ ‘ಪೂರ್ವ’, ‘ಪಶ್ಚಿಮ’ ಎಂಬ ಪದವನ್ನೂ ಬರೆಯಿರಿ.

ಮರುದಿನ ಗುರುತಿಸುವ ಕೆಲಸ. ಅಲಾಡಿನ್ ತಂತ್ರಾಂಶದಲ್ಲಿ ಆ ಸ್ಥಾನದ ಆಕಾಶದ ಚಿತ್ರ ತೆರೆದು, ನಿಮ್ಮ ಫೀಲ್ಡಿನ ಅಗಲಕ್ಕೆ ಹೊಂದಿಸಿ, ನೀವು ಬಿಡಿಸಿದ ನಕ್ಷತ್ರಗಳ ತ್ರಿಕೋನ ಹೊಂದುತ್ತದೆಯೇ ನೋಡಿ. ಹೊಂದಿದ ಮೇಲೆ ಮಾತ್ರ ಹೆಸರು ಕೇಳಿ: ಗೆಲಾಕ್ಸಿಗಳಾದರೆ ಅಮೆರಿಕದ ನೆಡ್ ದತ್ತಾಂಶಕೋಶ, ನಮ್ಮ ಆಕಾಶಗಂಗೆಯೊಳಗಿನ ಗುಚ್ಛ ನೀಹಾರಿಕೆಗಳಾದರೆ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನ ಸಿಂಬ್ಯಾಡ್. ಪುಟ್ಟ ಗೆಲಾಕ್ಸಿ, ಗ್ರಹರೂಪಿ ನೀಹಾರಿಕೆಗಳಿಗೆ 1 ನಿಮಿಷ ಕೋನದೊಳಗೆ ಹೊಂದಬೇಕು. ನಕ್ಷತ್ರಗಳು ಸಡಿಲವಾಗಿ ಹರಡಿರುವ ಮುಕ್ತ ಗುಚ್ಛಕ್ಕೆ ನಡುಬಿಂದು ಎಂಬುದೇ ಸ್ಪಷ್ಟವಿಲ್ಲ, 5 ನಿಮಿಷ ಆಚೀಚೆ ಆದರೂ ಒಪ್ಪಬಹುದು. ಕನ್ಯಾ ರಾಶಿಯ ಎಂ 84, ಎಂ 86ರಿಂದ ಹೊರಡುವ ಗೆಲಾಕ್ಸಿಗಳ ಸಾಲಿನಲ್ಲಿ ಮಾತ್ರ ಯಾವ ಔದಾರ್ಯವೂ ಬೇಡ. ಒಂದೇ ಫೀಲ್ಡಿನಲ್ಲಿ ಐದಾರು ಗೆಲಾಕ್ಸಿ ಬರುತ್ತವೆ, ಚಿತ್ರ ಹೊಂದದೆ ಹೆಸರು ಹಾಕಿದರೆ ತಪ್ಪುವುದೇ ಹೆಚ್ಚು. ಪ್ರತಿ ಗುರುತಿಗೂ ಖಚಿತ, ಬಹುಶಃ, ಸಂಶಯ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಸಂಶಯ ಎಂದು ಬರೆಯಲು ಹಿಂಜರಿಯಬೇಡಿ. ಎಂ 102 ಎಂದರೆ ಎಂ 101ರದ್ದೇ ಮರುದಾಖಲೆಯೋ ಎನ್‌ಜಿಸಿ 5866 ಎಂಬ ಗೆಲಾಕ್ಸಿಯೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಎಲ್ಲ ಎನ್‌ಜಿಸಿ, ಐಸಿ ವಸ್ತುಗಳನ್ನು ಕೈಯಲ್ಲಿ ಟೈಪ್ ಮಾಡುವ ಅಗತ್ಯವಿಲ್ಲ. ಓಪನ್‌ಎನ್‌ಜಿಸಿ ಎಂಬ ಮುಕ್ತ ಪಟ್ಟಿಯನ್ನು ಇಳಿಸಿಕೊಳ್ಳಿ. ಕಾಲಂಗಳ ನಡುವೆ ಅರ್ಧವಿರಾಮ ಚಿಹ್ನೆ ಇರುವುದರಿಂದ ಎಕ್ಸೆಲ್‌ನಲ್ಲಿ ನೇರ ತೆರೆಯದೆ ಆಮದು ಮಾಡಿ, ಸ್ಥಾನದ ಕಾಲಂಗಳನ್ನು ಪಠ್ಯ ಎಂದು ಆರಿಸಿ. ಮರುದಾಖಲೆಗಳಿಗೂ ಇಲ್ಲದ ವಸ್ತುಗಳಿಗೂ ಅದರಲ್ಲಿ ಪ್ರತ್ಯೇಕ ಗುರುತು ಇದೆ. ಎನ್‌ಜಿಸಿ 6 ಮತ್ತು ಎನ್‌ಜಿಸಿ 20 ಒಂದೇ ಗೆಲಾಕ್ಸಿ ಎಂಬಂಥ ಜೋಡಿಗಳು ಅಲ್ಲಿಯೇ ಸಿಗುತ್ತವೆ.

ಮ್ಯಾಗ್ನಿಟ್ಯೂಡ್ ವಿಷಯದಲ್ಲಿ ಒಂದು ಪಟ್ಟಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಂಡರೆ ಗಾಬರಿ ಬೇಡ. ನೀಲಿ ಬೆಳಕಿನಲ್ಲಿ ಅಳೆದದ್ದು ಬಿ, ಕಣ್ಣಿಗೆ ಹತ್ತಿರವಾದ ಹಸಿರು ಹಳದಿಯಲ್ಲಿ ಅಳೆದದ್ದು ವಿ. ಎಷ್ಟೋ ಗೆಲಾಕ್ಸಿಗಳಲ್ಲಿ ಬಿ ಅಂಕಿ ವಿಗಿಂತ ಮುಕ್ಕಾಲು ಮ್ಯಾಗ್ನಿಟ್ಯೂಡ್‌ನಷ್ಟು ಹೆಚ್ಚಿರುತ್ತದೆ, ಅಂದರೆ ಮಸುಕು. ಎರಡಕ್ಕೂ ಬೇರೆ ಕಾಲಂ ಇಡಿ, ಬೆರೆಸಬೇಡಿ. ಆದರೆ ಕಾಣುತ್ತದೋ ಇಲ್ಲವೋ ಎಂಬುದನ್ನು ಒಟ್ಟು ಮ್ಯಾಗ್ನಿಟ್ಯೂಡ್ ಹೇಳುವುದೇ ಇಲ್ಲ. ಎಂ 33 ಗೆಲಾಕ್ಸಿಯ ಒಟ್ಟು ಮ್ಯಾಗ್ನಿಟ್ಯೂಡ್ 5.7, ಎಂ 57 ನೀಹಾರಿಕೆಯದ್ದು 8.8. ಅಂಕಿ ನೋಡಿದರೆ ಎಂ 33 ಸುಲಭವಿರಬೇಕು. ಊರ ದೀಪಗಳ ನಡುವೆ ಎಂ 57 ಸಲೀಸಾಗಿ ಸಿಗುತ್ತದೆ, ಎಂ 33 ಸುಳಿವೇ ಕೊಡುವುದಿಲ್ಲ. ಇದಕ್ಕೆ ಮೇಲ್ಮೈ ಹೊಳಪಿನ ಕಾಲಂ ಬೇಕು. ಉದ್ದ ಅಗಲಗಳನ್ನು ಕೋನದ ನಿಮಿಷದಲ್ಲಿ ಗುಣಿಸಿ, 0.785ರಿಂದ ಗುಣಿಸಿ, ಬಂದ ವಿಸ್ತೀರ್ಣದ ಲಾಗ್ ತೆಗೆದು 2.5ರಿಂದ ಗುಣಿಸಿ ಮ್ಯಾಗ್ನಿಟ್ಯೂಡ್‌ಗೆ ಕೂಡಿಸಿ. ಎಂ 33 ಸುಮಾರು 71 ಬೈ 42 ನಿಮಿಷ: ಫಲ 14.1. ಎಂ 57 ಸುಮಾರು 1.4 ಬೈ 1 ನಿಮಿಷ: ಫಲ 8.9. ಅಷ್ಟೇ ವಿಸ್ತೀರ್ಣಕ್ಕೆ ಹೋಲಿಸಿದರೆ ಎಂ 57 ನೂರು ಪಟ್ಟಿಗೂ ಹೆಚ್ಚು ಪ್ರಕಾಶ.

ಗಾತ್ರದಲ್ಲೂ ಪಟ್ಟಿಯದ್ದು ಬೇರೆ, ಕಂಡದ್ದು ಬೇರೆ. ಗೆಲಾಕ್ಸಿ ಪಟ್ಟಿಗಳು ಸಾಮಾನ್ಯವಾಗಿ ಕೊಡುವುದು ಬಿ ಬೆಳಕಿನಲ್ಲಿ ಪ್ರತಿ ಚದರ ಸೆಕೆಂಡ್ ಕೋನಕ್ಕೆ 25 ಮ್ಯಾಗ್ನಿಟ್ಯೂಡ್‌ನಷ್ಟು ಮಸುಕಾದ ಅಂಚಿನವರೆಗಿನ ಅಳತೆ. ಐಪೀಸಿನಲ್ಲಿ ಅದರ ಅರ್ಧವೂ ಕಾಣದಿರಬಹುದು. ಕಂಡ ಗಾತ್ರ ನೋಟದ ಹಾಳೆಗೆ ಮಾತ್ರ ಹೋಗಲಿ. ವಿವರಣೆಗೆ ಡ್ರೇಯರ್ ಮಾಡಿದಂತೆ ನಿಗದಿತ ಪದಗಳ ಏಣಿಯನ್ನು ಇಟ್ಟುಕೊಳ್ಳಿ: ಅತಿ ಮಸುಕು, ಮಸುಕು, ಸಾಧಾರಣ, ಪ್ರಕಾಶ, ಅತಿ ಪ್ರಕಾಶ. ಅತಿ ಮಸುಕು ಎಂದರೆ ಓರೆಗಣ್ಣಿನಿಂದ ಮಾತ್ರ ಕಂಡದ್ದು, ಮಸುಕು ಎಂದರೆ ಓರೆಗಣ್ಣಿನಲ್ಲಿ ಬಿಡದೆ ಕಂಡದ್ದು ಎಂದು ಹೀಗೆ ಅರ್ಥವನ್ನೂ ಬರೆದಿಡಿ. ‘ತುಂಬಾ ಚೆನ್ನಾಗಿತ್ತು’ ಎಂಬುದರಿಂದ ಮುಂದೆ ಉಪಯೋಗವಿಲ್ಲ. ಹುಡುಕಿ ಸಿಗದಿದ್ದರೆ ‘ಕಾಣಲಿಲ್ಲ’ ಎಂದೂ ಬರೆಯಿರಿ, ಆ ರಾತ್ರಿಯ ಆಕಾಶದ ಸ್ಥಿತಿಯ ಸಮೇತ.

ಬಗೆಯ ಕಾಲಂನಲ್ಲಿ ಮುಕ್ತ ಗುಚ್ಛಗಳಿಗೆ 1930ರ ಟ್ರಂಪ್ಲರ್ ಸಂಕೇತ ಚೆನ್ನಾಗಿ ಹೊಂದುತ್ತದೆ. ರೋಮನ್ ಅಂಕಿ 1ರಿಂದ 4 ಎಷ್ಟು ಒತ್ತಾಗಿದೆ ಎಂಬುದಕ್ಕೆ, ನಂತರದ 1ರಿಂದ 3 ನಕ್ಷತ್ರಗಳ ಹೊಳಪಿನ ಏರುಪೇರಿಗೆ, ಕೊನೆಯ ಅಕ್ಷರ ಸಂಖ್ಯೆಗೆ: 50ಕ್ಕಿಂತ ಕಡಿಮೆಗೆ ಪಿ, 100ರವರೆಗೆ ಎಂ, ಅದಕ್ಕೂ ಹೆಚ್ಚಿಗೆ ಆರ್. ಇದನ್ನು ಐಪೀಸಿನಲ್ಲಿ ನೀವೇ ಅಂದಾಜಿಸಿ ಪಟ್ಟಿಯದರ ಪಕ್ಕ ಬರೆಯಬಹುದು. ಮುಕ್ತ ಗುಚ್ಛ ಎಂದು ಬರೆದದ್ದೆಲ್ಲ ಗುಚ್ಛವಲ್ಲ ಎಂಬುದೂ ಗಮನದಲ್ಲಿರಲಿ. ಗಾಯಾ ಉಪಗ್ರಹ ನಕ್ಷತ್ರಗಳ ದೂರ ಮತ್ತು ಚಲನೆ ಅಳೆದ ಮೇಲೆ ಎಂ 73, ಅಂದರೆ ಎನ್‌ಜಿಸಿ 6994, ಜೊತೆಗೆ ಎನ್‌ಜಿಸಿ 1252, 7772, 7826 ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ, ನಮ್ಮ ಕಣ್ಣಿನ ನೇರಕ್ಕೆ ಸಾಲಾಗಿ ನಿಂತ ನಕ್ಷತ್ರಗಳು ಎಂದು 2018ರಲ್ಲಿ ಖಚಿತವಾಯಿತು. ಇವನ್ನು ತೆಗೆದುಹಾಕಬೇಡಿ. ನೀವು ನೋಡಿದ್ದು ನಿಜ. ಬಗೆಯನ್ನು ಮಾತ್ರ ‘ನಕ್ಷತ್ರಗಳ ತೋರ್ಕೆಯ ಗುಂಪು’ ಎಂದು ಬದಲಿಸಿ, ಬದಲಿಸಿದ ತಾರೀಖು ಹಾಕಿ.

ಕೊನೆಯದಾಗಿ ಯಾವ ಪಟ್ಟಿಯನ್ನು ಆಧಾರವಾಗಿ ಹಿಡಿಯಬೇಕು ಎಂಬುದು. ನಂತರ ಸೇರಿಸಿದವೂ ಸೇರಿ ಮೆಸ್ಸಿಯೆಯ 110 ವಸ್ತುಗಳೂ ಕರ್ನಾಟಕದ ಎಲ್ಲ ಕಡೆಯಿಂದಲೂ ಕಾಣುತ್ತವೆ, ಆದರೆ ಆ ಪಟ್ಟಿ ಪ್ಯಾರಿಸ್ಸಿನ ದಿಗಂತಕ್ಕೆ ಕಟ್ಟಿದ್ದು, -35 ಡಿಗ್ರಿಯ ಎಂ 7ಕ್ಕೆ ನಿಂತುಬಿಡುತ್ತದೆ. ನಮ್ಮ ದಕ್ಷಿಣ ಆಕಾಶದ ಸಂಪತ್ತು ಅದರಲ್ಲಿ ಇಲ್ಲವೇ ಇಲ್ಲ. ಗೋಳೀಯ ಗುಚ್ಛಗಳಲ್ಲೇ ಅತ್ಯಂತ ಪ್ರಕಾಶದ ಓಮೆಗಾ ಸೆಂಟಾರಿ, ಎನ್‌ಜಿಸಿ 5139, ಬೆಂಗಳೂರಿನಿಂದ 29 ಡಿಗ್ರಿ ಎತ್ತರಕ್ಕೂ ತುಸು ಮೇಲೆ, ಬೀದರಿನಿಂದ 24 ಡಿಗ್ರಿಯ ಮೇಲೆ ಬರುತ್ತದೆ; ಏಪ್ರಿಲ್ ನಡುವಿನ ಮಧ್ಯರಾತ್ರಿ, ಮೇ ನಡುವಿನ ರಾತ್ರಿ ಹತ್ತು ಗಂಟೆ ಅದಕ್ಕೆ ಸರಿಯಾದ ಹೊತ್ತು. ಎನ್‌ಜಿಸಿ 5128 ಗೆಲಾಕ್ಸಿ ಅದಕ್ಕಿಂತ ನಾಲ್ಕೂವರೆ ಡಿಗ್ರಿ ಉತ್ತರಕ್ಕಿದೆ. ಕರೈನಾ ನೀಹಾರಿಕೆ, ಎನ್‌ಜಿಸಿ 3372, ಬೆಂಗಳೂರಿಗೆ 17 ಡಿಗ್ರಿ. ಎನ್‌ಜಿಸಿ 104 ಎಂಬ ಗೋಳೀಯ ಗುಚ್ಛ ಬೆಂಗಳೂರಿನಲ್ಲಿ 5 ಡಿಗ್ರಿ ಮಾತ್ರ ಏರುತ್ತದೆ, ಅದರ ಬೆಳಕು ನೆತ್ತಿಯ ಮೇಲಿನದಕ್ಕಿಂತ ಸುಮಾರು 10 ಪಟ್ಟು ಗಾಳಿಯನ್ನು ದಾಟಿ ಬರಬೇಕು. ಬೀದರಿನಲ್ಲಿ ಅದು ದಿಗಂತವನ್ನು ಮುಟ್ಟುವುದಷ್ಟೇ. ನಿಮ್ಮ ಊರಿಗೆ ಎಷ್ಟು ಎಂದು ತಿಳಿಯಲು 90ರಿಂದ ನಿಮ್ಮ ಅಕ್ಷಾಂಶವನ್ನೂ ದಕ್ಷಿಣ ಡೆಕ್ಲಿನೇಷನ್ನಿನ ಅಂಕಿಯನ್ನೂ ಕಳೆಯಿರಿ. ತುಮಕೂರಿಗೆ ಅಕ್ಷಾಂಶ 13.3. ಫಲ 15ಕ್ಕಿಂತ ಹೆಚ್ಚು ಬರುವ ಎಲ್ಲ ಪ್ರಕಾಶದ ಎನ್‌ಜಿಸಿ ವಸ್ತುಗಳನ್ನು ಓಪನ್‌ಎನ್‌ಜಿಸಿಯಿಂದ ಸೋಸಿ ತೆಗೆದು ವಸ್ತುವಿನ ಹಾಳೆಗೆ ಮೊದಲೇ ಸೇರಿಸಿಕೊಳ್ಳಿ. ಧನು, ವೃಶ್ಚಿಕಗಳು ಸಂಜೆಗೆ ಬರುವ ಹೊತ್ತಿಗೆ ಮುಂಗಾರು ಕವಿದಿರುತ್ತದೆ, ಆದ್ದರಿಂದ ಅವುಗಳ ಸಾಲಿಗೆ ‘ಫೆಬ್ರುವರಿಯಿಂದ ಮೇವರೆಗೆ, ಬೆಳಗಿನ ಜಾವ’ ಎಂದು ಋತುವಿನ ಕಾಲಂನಲ್ಲಿ ಬರೆದಿಡಿ.